ಇಕ್ಕೇರಿಯ ಅಳತೆಗೋಲು

ಸಾಗರದಿಂದ ದಕ್ಷಿಣಕ್ಕೆ ಸುಮಾರು ಆರು ಕಿಲೋಮೀಟರು ಸಾಗಿದರೆ ಇಕ್ಕೇರಿ ಸಿಗುತ್ತದೆ. ಇಂದು ಅದು ಒಂದು ಸಣ್ಣ ಊರು. ಆದರೆ ಹೆಚ್ಚುಕಡಮೆ 1560ರಿಂದ 1640ರವರೆಗೆ ಅದು ಕೆಳದಿಯ ಅರಸರ ರಾಜಧಾನಿಯಾಗಿತ್ತು. ಅಂದಿನ ವೈಭವಕ್ಕೆ ಸಾಕ್ಷಿಯಾಗಿ ಅಘೋರೇಶ್ವರ ದೇವಾಲಯ ಇನ್ನೂ ನಿಂತಿದೆ. ಕಣಶಿಲೆಯಲ್ಲಿ ಕಟ್ಟಿದ ಆ ಮಂದಿರಕ್ಕೆ ಬರುವವರು ವಿಶಾಲವಾದ ಮಂಟಪವನ್ನೂ ಇದಿರಿನ ನಂದಿಯನ್ನೂ ಕಂಡು ಬೆರಗಾಗುತ್ತಾರೆ. ಮೆಟ್ಟಿಲುಗಳನ್ನು ನಿಂತು ನೋಡುವವರು ಕಡಮೆ. ಹತ್ತಿ ಒಳಗೆ ಹೋಗುತ್ತಾರೆ. ಈ ಪಾಠ ಆ ಮೆಟ್ಟಿಲುಗಳಿಂದಲೇ ಮೊದಲಾಗುತ್ತದೆ.

ಕೆಳದಿಯ ಅರಸರಲ್ಲಿ ಶಿವಪ್ಪನಾಯಕನು ಪ್ರಖ್ಯಾತನಾದವನು. 1645ರಿಂದ 1660ರವರೆಗೆ ಅವನು ಬಿದನೂರಿನಿಂದ, ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರದಿಂದ, ರಾಜ್ಯವಾಳಿದನು. ಅವನು ಏರ್ಪಡಿಸಿದ ಭೂಕಂದಾಯದ ಕ್ರಮ ‘ಶಿವಪ್ಪನಾಯಕನ ಶಿಸ್ತು’ ಎಂದು ಹೆಸರಾಯಿತು. ಮೈಸೂರು ಗೆಜೆಟಿಯರು ಅದನ್ನು ವಿವರಿಸುತ್ತದೆ. ಪ್ರತಿಯೊಂದು ಗ್ರಾಮದಲ್ಲಿಯೂ ಒಂದೊಂದು ಬಗೆಯ ಭೂಮಿಗೆ ಒಂದೊಂದು ಗದ್ದೆಯನ್ನು ಆರಿಸಿ, ಹನ್ನೆರಡು ವರ್ಷಗಳ ಕಾಲ ತನ್ನ ವೆಚ್ಚದಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗುಲಿದ ಖರ್ಚೆಷ್ಟು, ಬಂದ ಫಸಲೆಷ್ಟು, ಅದರ ಬೆಲೆಯೆಷ್ಟು ಎಂದು ಅವನು ಲೆಕ್ಕವಿಡಿಸಿದನು. ಅವುಗಳ ಸರಾಸರಿಯನ್ನು ತೆಗೆದು, ಹುಟ್ಟುವಳಿಯ ಮೂರನೆಯ ಒಂದು ಪಾಲನ್ನು ಸರ್ಕಾರದ ಭಾಗವೆಂದು ಗೊತ್ತುಮಾಡಿದನು.

ಗದ್ದೆಯ ಮಾತು ಹಾಗಾಯಿತು. ತೋಟವನ್ನು ಅಳೆಯುವುದಕ್ಕೆ ಒಂದು ಕೋಲು ಬೇಕಾಯಿತು. ಆ ಕೋಲಿನ ಉದ್ದವನ್ನು ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲಿನ ಮೆಟ್ಟಿಲಿಗೆ ಸಮನಾಗಿ ಇಟ್ಟರು. ಅದು 18 ಅಡಿ 6 ಅಂಗುಲ. ಒಂದು ಮರಕ್ಕೆ ಸಲ್ಲತಕ್ಕ ಎಡೆಯನ್ನು ಆ ಕೋಲಿನಿಂದ ನಿರ್ಣಯಿಸಿ, ಅದಕ್ಕೆ ‘ದಾಯ’ವೆಂದು ಹೆಸರಿಟ್ಟು, ಸಾವಿರ ದಾಯಕ್ಕೆ ಇಷ್ಟು ಎಂದು ಕಂದಾಯ ಕಟ್ಟಿದರು.

ಈ ಏರ್ಪಾಡಿನ ಅರ್ಥವನ್ನು ಸ್ವಲ್ಪ ಆಲೋಚಿಸೋಣ. ಮರದ ಕೋಲು ಮಲೆನಾಡಿನ ಮಳೆಗೆ ಉಬ್ಬೀತು, ತುದಿ ಸವೆದೀತು, ಲೋಭಿಯ ಕೈಯಲ್ಲಿ ಒಂದು ಗೇಣು ಕಿರಿದೂ ಆದೀತು. ಕಲ್ಲಿನ ಮೆಟ್ಟಿಲಿಗೆ ಆ ಭಯವಿಲ್ಲ. ಅದು ಅರಮನೆಯ ಪೆಟ್ಟಿಗೆಯೊಳಗೆ ಬೀಗ ಹಾಕಿಟ್ಟ ವಸ್ತುವಲ್ಲ. ಎಲ್ಲರೂ ಹತ್ತಿಳಿಯುವ ಸ್ಥಳದಲ್ಲಿ, ಎಲ್ಲರ ಕಣ್ಣೆದುರಿನಲ್ಲಿ ಇರತಕ್ಕದ್ದು. ಕೋಲಿನಲ್ಲಿ ಸಂಶಯ ಬಂದವನು ಮೆಟ್ಟಿಲಿನ ಮೇಲೆ ಅದನ್ನು ಇಟ್ಟು ನೋಡಬಹುದು. ಇನ್ನೂ ಒಂದು ವಿಷಯ ಮುಖ್ಯವಾದುದು. ತೋಟದಲ್ಲಿ ನಿಂತು ಅಳೆದವನು ಬರೆದು ಕಳುಹಿಸುವುದು ಒಂದು ಸಂಖ್ಯೆಯನ್ನು. ಅದನ್ನು ಓದುವವನು ದೂರದ ರಾಜಧಾನಿಯಲ್ಲಿ ಕುಳಿತ ಕರಣಿಕ. ಅವನು ತೋಟವನ್ನು ಕಂಡವನಲ್ಲ. ಅಳೆದವನ ಮುಖವನ್ನೂ ಕಂಡವನಲ್ಲ. ಬರೆದವನ ಕೋಲೂ ಓದುವವನ ಕೋಲೂ ಒಂದೇ ಆಗಿದ್ದರೆ ಮಾತ್ರ ಆ ಸಂಖ್ಯೆಗೆ ಬೆಲೆ. ಇಲ್ಲವಾದರೆ ಅದು ಬರಿಯ ಗೀಟು.

ತೋಟವನ್ನು ಕಾಣದೆ ಬರಹವನ್ನಷ್ಟೇ ನಂಬುವ ಆ ಕರಣಿಕನ ಸ್ಥಾನದಲ್ಲಿ ಇಂದು ಗಣಕಯಂತ್ರ ಕುಳಿತಿದೆ. ಅದಕ್ಕೆ ಬರೆದು ಕೊಡುವವನೂ ಎಷ್ಟೋ ವೇಳೆ ಮನುಷ್ಯನಲ್ಲ, ಇನ್ನೊಂದು ಗಣಕಯಂತ್ರ. ಒಂದು ಯಂತ್ರದ ಬರಹವನ್ನು ಮತ್ತೊಂದು ಯಂತ್ರ ತಪ್ಪಿಲ್ಲದೆ ಓದಬೇಕಾದರೆ ಆ ಬರಹ ಹೇಗಿರಬೇಕು? ಇದೇ ಈ ಪಾಠದ ವಿಷಯ.

ಗಣಕಯಂತ್ರವೆಂದೊಡನೆ ಚಿತ್ರಗಳೂ ಗುಂಡಿಗಳೂ ತುಂಬಿದ ತೆರೆ ನಮ್ಮ ಕಣ್ಣಮುಂದೆ ಬರುತ್ತದೆ. ಅದರ ಹಿಂದೆ ಹಳೆಯದೊಂದು ರೀತಿ ಇಂದಿಗೂ ಜೀವಂತವಾಗಿದೆ. ಕೀಲಿಮಣೆಯಿಂದ ಒಂದು ಸಾಲಿನಲ್ಲಿ ಆಜ್ಞೆಯನ್ನು ಬರೆಯುವುದು, ಯಂತ್ರವು ಅದಕ್ಕೆ ಸಾಲುಸಾಲಾಗಿ ಅಕ್ಷರಗಳಲ್ಲಿಯೇ ಉತ್ತರ ಕೊಡುವುದು, ಇದೇ ಆ ರೀತಿ. ಇದನ್ನು ಆಜ್ಞಾಸಾಲು ಎಂದು ಕರೆಯೋಣ. ಹೀಗೆ ಆಜ್ಞೆಗೆ ಓಗೊಡುವ ಚಿಕ್ಕ ಚಿಕ್ಕ ಕ್ರಮವಿಧಿಗಳೇ ಆಜ್ಞಾಸಾಲಿನ ಸಾಧನಗಳು. ಒಂದು ಸಾಧನ ಕಡತಗಳ ಹೆಸರನ್ನು ಪಟ್ಟಿಮಾಡುತ್ತದೆ, ಒಂದು ಸಾಲುಗಳನ್ನು ವಿಂಗಡಿಸುತ್ತದೆ, ಮತ್ತೊಂದು ಎಣಿಸುತ್ತದೆ. ಇಂತಹ ಆಜ್ಞೆಗಳನ್ನು ಒಂದರ ಕೆಳಗೊಂದು ಬರೆದಿಟ್ಟು, ಮನುಷ್ಯನು ಎದುರಿಗೆ ಇಲ್ಲದಿದ್ದರೂ ತಾನಾಗಿ ನಡೆಯುವಂತೆ ಮಾಡಿದ ಬರಹಕ್ಕೆ ಸ್ಕ್ರಿಪ್ಟ್ ಎನ್ನುತ್ತಾರೆ.

ಈ ರೀತಿಯನ್ನು ಬೆಳೆಸಿದವರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಜ್ಞಾನಿಗಳು ಪ್ರಮುಖರು. ಅಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬುವರು ಯೂನಿಕ್ಸ್ ಎಂಬ ವ್ಯವಸ್ಥೆಗೆ ಅಡಿಗಲ್ಲು ಹಾಕಿದರು. ಅವರ ಸಹೋದ್ಯೋಗಿ ಡಗ್ಲಸ್ ಮೆಕಿಲ್ರಾಯ್ ಅದಕ್ಕೂ ಮೊದಲು, 1964ರಲ್ಲಿಯೇ, ಒಂದು ಆಲೋಚನೆಯನ್ನು ಬರೆದಿಟ್ಟಿದ್ದರು. ತೋಟಕ್ಕೆ ನೀರು ಹಾಯಿಸುವ ಕೊಳವೆಯ ತುಂಡುಗಳನ್ನು ಬೇಕಾದಂತೆ ಜೋಡಿಸುವ ಹಾಗೆ ಕ್ರಮವಿಧಿಗಳನ್ನೂ ಜೋಡಿಸುವ ಉಪಾಯವಿರಬೇಕು ಎಂಬುದೇ ಆ ಆಲೋಚನೆಯ ಸಾರ. 1973ರಲ್ಲಿ ಥಾಂಪ್ಸನ್ ಅದನ್ನು ಯೂನಿಕ್ಸಿನಲ್ಲಿ ಸಾಧಿಸಿದರು. ಒಂದು ಸಾಧನದ ಬಾಯಿಂದ ಹೊರಟ ಅಕ್ಷರಗಳು ಇನ್ನೊಂದು ಸಾಧನದ ಒಳಕ್ಕೆ ನೇರವಾಗಿ ಹರಿಯತೊಡಗಿದವು.

ಮಲೆನಾಡಿನವರಿಗೆ ಈ ಉಪಾಯ ಹೊಸದೆನಿಸದು. ಗುಡ್ಡದ ಒರತೆಯ ನೀರನ್ನು ಅಂಗಳಕ್ಕೆ ತರಲು ಅಡಿಕೆಯ ಮರವನ್ನು ಸೀಳಿ, ತಿರುಳನ್ನು ತೆಗೆದು, ಆ ದಬ್ಬೆಗಳನ್ನು ಒಂದರ ಬಾಯಿಗೆ ಒಂದನ್ನು ಒಡ್ಡಿ ಇಡುವುದು ಇಲ್ಲಿಯ ವಾಡಿಕೆ. ದಬ್ಬೆಗಳು ಸರಿಯಾಗಿ ಕೂತರೆ ನೀರು ಹಗಲಿರುಳೂ ಹರಿಯುತ್ತದೆ. ಮೇಲಿನ ದಬ್ಬೆ ಒಂದು ಗೇಣು ಪಕ್ಕಕ್ಕೆ ಸರಿದರೆ ಕೆಳಗಿನ ದಬ್ಬೆ ಒಣಗುತ್ತದೆ. ನೀರು ನಿಂತರೆ ಮನೆಯವರಿಗೆ ತಿಳಿಯುತ್ತದೆ. ಯಾರಾದರೂ ಗುಡ್ಡ ಹತ್ತಿ ಸರಿಪಡಿಸುತ್ತಾರೆ. ಅಕ್ಷರಗಳ ಹರಿವಿನಲ್ಲಿರುವ ಅಪಾಯ ಇದಕ್ಕಿಂತ ದೊಡ್ಡದು. ಅಲ್ಲಿ ದಬ್ಬೆ ಸರಿದರೂ ಏನೋ ಒಂದು ಹರಿಯುತ್ತಲೇ ಇರುತ್ತದೆ. ಹರಿಯುವುದು ನೀರಲ್ಲವೆಂದು ಬಹುಕಾಲ ಯಾರಿಗೂ ತಿಳಿಯುವುದಿಲ್ಲ.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಒಂದು ಅಡಿಕೆ ಮಂಡಿಯಲ್ಲಿ ದಿನದ ಆವಕವನ್ನು ತಿಳಿಸುವ ಸಾಧನವಿದೆ. ಅಡಿಕೆಯ ಬಗೆ, ಚೀಲಗಳ ಎಣಿಕೆ, ತೂಕದ ಕಿಲೋಗ್ರಾಂ, ಇವನ್ನು ನಡುವೆ ಒಂದೊಂದು ತೆರಪು ಬಿಟ್ಟು ಅದು ಬರೆಯುತ್ತದೆ:

ಬೆಟ್ಟೆ 12 780
ಕೆಂಪು ಗೋಟು 7 455

ನಾವು ನೀವು ಓದಿದರೆ ಇದರಲ್ಲಿ ಗೊಂದಲವೇನೂ ಇಲ್ಲ. ಒಟ್ಟು ತೂಕ 1235 ಕಿಲೋಗ್ರಾಂ. ಆದರೆ ಒಂದು ಸ್ಕ್ರಿಪ್ಟಿಗೆ ‘ತೆರಪಿನಿಂದ ತೆರಪಿಗೆ ಒಂದು ಅಂಕಣ, ಮೂರನೆಯ ಅಂಕಣವನ್ನು ಕೂಡಿಸು’ ಎಂದು ಆಜ್ಞೆ ಮಾಡಿದ್ದರೆ ಅದು ಏನು ಮಾಡುತ್ತದೆ? ಮೊದಲನೆಯ ಸಾಲಿನಲ್ಲಿ 780 ಸಿಗುತ್ತದೆ. ಎರಡನೆಯ ಸಾಲಿನಲ್ಲಿ ‘ಕೆಂಪು’ ಒಂದು ಅಂಕಣ, ‘ಗೋಟು’ ಇನ್ನೊಂದು ಅಂಕಣ, ಮೂರನೆಯದು 7. ಒಟ್ಟು 787 ಎಂದು ಅದು ನಿರ್ವಿಕಾರವಾಗಿ ಉತ್ತರಿಸುತ್ತದೆ. 448 ಕಿಲೋಗ್ರಾಂ ಅಡಿಕೆ ಲೆಕ್ಕದಿಂದ ಮಾಯವಾಯಿತು. ಯಂತ್ರ ಕೆಡಲಿಲ್ಲ, ಎಚ್ಚರಿಕೆಯ ಗಂಟೆ ಮೊಳಗಲಿಲ್ಲ. ಬೆಟ್ಟೆ ಮಾತ್ರ ಬಂದ ದಿನಗಳಲ್ಲಿ ಲೆಕ್ಕ ಸರಿಯಾಗಿಯೇ ಇತ್ತು. ಕೆಂಪು ಗೋಟು ಬಂದ ದಿನ ತಪ್ಪಿತು.

ಮನುಷ್ಯನು ಊಹೆಯಿಂದ ಓದುತ್ತಾನೆ. ಯಂತ್ರವು ನಿಯಮದಿಂದ ಓದುತ್ತದೆ. ಆದುದರಿಂದ ಯಂತ್ರ ಓದುವ ಬರಹದಲ್ಲಿ ಅಂಕಣಗಳನ್ನು ಬೇರ್ಪಡಿಸುವ ಗುರುತು ಅಂಕಣದ ಒಳಗೆ ಎಂದಿಗೂ ಬರತಕ್ಕುದಲ್ಲ. ಇದು ಮೊದಲನೆಯ ನಿಯಮ. ತೆರಪಿಗೆ ಬದಲಾಗಿ, ಹೆಸರುಗಳಲ್ಲಿ ಬರಲಾರದ ಇನ್ನೊಂದು ಗುರುತನ್ನು ಆರಿಸಬೇಕು. ಯೂನಿಕ್ಸಿನ ಕಡತಗಳ ಹೆಸರಿನಲ್ಲಿ ತೆರಪೂ ಇರಬಹುದು, ಸಾಲಿನ ಮುರಿವೂ ಇರಬಹುದು. ಎಂದೇ ಕಡತಗಳನ್ನು ಹುಡುಕುವ ‘ಫೈಂಡ್’ ಎಂಬ ಸಾಧನದಲ್ಲಿ, ಹೆಸರಿನಲ್ಲಿ ಬರಲು ಸಾಧ್ಯವೇ ಇಲ್ಲದ ಶೂನ್ಯಾಕ್ಷರವನ್ನು ಹೆಸರುಗಳ ನಡುವೆ ಇಡುವ ಏರ್ಪಾಡನ್ನು ಮಾಡಿದ್ದಾರೆ.

ಎರಡನೆಯ ನಿಯಮ ಅಲಂಕಾರಕ್ಕೆ ಸಂಬಂಧಿಸಿದುದು. ಮನುಷ್ಯನಿಗೆ ಬರೆಯುವಾಗ ಮೇಲೆ ತಲೆಬರಹ, ಕೆಳಗೆ ಒಟ್ಟು ಮೊತ್ತ, ತಪ್ಪಿದ್ದಲ್ಲಿ ಕೆಂಪು ಬಣ್ಣ, ಉದ್ದವಾದ ಸಾಲನ್ನು ಮಡಿಸಿ ಎರಡು ಸಾಲಾಗಿಸುವುದು, ಇವೆಲ್ಲ ಉಪಕಾರಗಳು. ಯಂತ್ರಕ್ಕೆ ಇವೇ ಕಂಟಕಗಳು. ತೆರೆಯ ಮೇಲಿನ ಬಣ್ಣ ನಮಗೆ ಬಣ್ಣ. ಯಂತ್ರಕ್ಕೆ ಅದು ಅಕ್ಷರಗಳ ನಡುವೆ ಸೇರಿಕೊಂಡ ಗುಪ್ತಸಂಕೇತ. ಗಣಕದಲ್ಲಿ ಎಷ್ಟು ಸ್ಥಳ ಉಳಿದಿದೆಯೆಂದು ಹೇಳುವ ‘ಡಿಎಫ್’ ಎಂಬ ಹಳೆಯ ಸಾಧನವನ್ನು ಇಲ್ಲಿ ನೆನೆಯಬಹುದು. ಒಂದು ಹೆಸರು ಉದ್ದವಾಗಿದ್ದರೆ ಅದರ ಕೆಲವು ರೂಪಗಳು ಸಾಲನ್ನು ಎರಡಾಗಿ ಮುರಿಯುತ್ತಿದ್ದವು. ನೋಡುವವನಿಗೆ ಅಂದವಾಯಿತು, ಸಾಲಿಗೊಂದು ಲೆಕ್ಕವೆಂದು ನಂಬಿದ ಸ್ಕ್ರಿಪ್ಟುಗಳು ಎಡವಿದವು. ಕೊನೆಗೆ, ಬೇರೆ ಬೇರೆ ಯೂನಿಕ್ಸುಗಳಿಗೆ ಸಮಾನ ನಿಯಮಗಳನ್ನು ವಿಧಿಸುವ ಪೋಸಿಕ್ಸ್ ಎಂಬ ಮಾನಕದಲ್ಲಿ, ಒಂದು ವಿಶೇಷ ಗುರುತನ್ನು ಸೇರಿಸಿ ಕೇಳಿದರೆ ಎಲ್ಲೆಡೆಯೂ ಒಂದೇ ರೂಪದ ಉತ್ತರ ಬರುವಂತೆ ಗೊತ್ತುಮಾಡಬೇಕಾಯಿತು.

ಹಾಗಾದರೆ ಅಲಂಕಾರವನ್ನೆಲ್ಲ ತೊರೆಯಬೇಕೆ? ಬೇಕಿಲ್ಲ. ಸಾಧನಕ್ಕೆ ಎರಡು ಮುಖಗಳಿರಲಿ: ಮನುಷ್ಯನಿಗೆ ಒಂದು, ಯಂತ್ರಕ್ಕೆ ಒಂದು. ಕ್ರಮವಿಧಿಗಳ ಬರಹದಲ್ಲಾಗುವ ಬದಲಾವಣೆಗಳನ್ನು ದಾಖಲಿಸುವ ‘ಗಿಟ್’ ಎಂಬ ಸಾಧನವನ್ನು ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದರು. ಈಗಿನ ಸ್ಥಿತಿಯೇನೆಂದು ಅದನ್ನು ಕೇಳಿದರೆ ಸಲಹೆಗಳೊಡನೆ ವಿವರವಾದ ಉತ್ತರ ಕೊಡುತ್ತದೆ. ‘ಪೋರ್ಸಿಲಿನ್’ ಎಂಬ ಗುರುತನ್ನು ಸೇರಿಸಿ ಕೇಳಿದರೆ ಅದೇ ಸಂಗತಿಯನ್ನು ಬಿಗಿಯಾದ ಚಿಕ್ಕ ರೂಪದಲ್ಲಿ ಕೊಡುತ್ತದೆ. ಈ ಎರಡನೆಯ ರೂಪವು ಸಾಧನದ ಹೊಸ ಆವೃತ್ತಿಗಳಲ್ಲಿಯೂ ಬದಲಾಗುವುದಿಲ್ಲ, ಬಳಸುವವನು ತನಗೆ ಬೇಕಾದ ಬಣ್ಣಗಳನ್ನು ಇಟ್ಟುಕೊಂಡಿದ್ದರೂ ವ್ಯತ್ಯಾಸವಾಗುವುದಿಲ್ಲ ಎಂದು ಅದರ ಕೈಪಿಡಿ ಮಾತು ಕೊಡುತ್ತದೆ. ಕೊಟ್ಟ ಮಾತೇ ಇಲ್ಲಿಯ ಕಲ್ಲಿನ ಮೆಟ್ಟಿಲು.

ಮೂರನೆಯ ನಿಯಮ ಸಂಖ್ಯೆಗಳಿಗೂ ಅಳತೆಗಳಿಗೂ ಸೇರಿದ್ದು. ನಮ್ಮ ರೈತರಿಗೆ ಚಿರಪರಿಚಿತವಾದ ಪಹಣಿಯನ್ನೇ ನೋಡಿ. ನಲವತ್ತು ಗುಂಟೆ ಸೇರಿದರೆ ಒಂದು ಎಕರೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ನಡುವೆ ಚುಕ್ಕೆಯಿಟ್ಟು 2.20 ಎಂದು ಬರೆಯುವುದು ರೂಢಿ. ಈ ಚುಕ್ಕೆ ದಶಮಾಂಶದ ಚುಕ್ಕೆಯಲ್ಲವೆಂದು ಊರಿನ ಮಕ್ಕಳಿಗೂ ಗೊತ್ತು. ಗಣಕಕ್ಕೆ ಯಾರೂ ಹೇಳದಿದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ದಶಮಾಂಶವೆಂದು ತಿಳಿದ ಯಂತ್ರ ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ಅದನ್ನು ಬಿಟ್ಟು 2.2 ಎಂದು ಬರೆಯುತ್ತದೆ. ಅದನ್ನು ಓದಿದವನು ಎರಡು ಎಕರೆ ಎರಡು ಗುಂಟೆಯೆಂದುಕೊಳ್ಳುತ್ತಾನೆ. ಹದಿನೆಂಟು ಗುಂಟೆ ಒಂದು ಸೊನ್ನೆಯೊಡನೆ ಹೋಯಿತು. ಕೂಡಿಸುವಾಗಲೂ ಹೀಗೆಯೇ. ಒಂದು ಎಕರೆ ಮೂವತ್ತು ಗುಂಟೆಯ ಎರಡು ತುಂಡುಗಳು ಸೇರಿದರೆ ಮೂರು ಎಕರೆ ಇಪ್ಪತ್ತು ಗುಂಟೆ. ದಶಮಾಂಶದ ಲೆಕ್ಕದಲ್ಲಿ 1.30ಕ್ಕೆ 1.30 ಸೇರಿ 2.60 ಎಕರೆ, ಎಂದರೆ ಎರಡು ಎಕರೆ ಇಪ್ಪತ್ತನಾಲ್ಕು ಗುಂಟೆ ಮಾತ್ರ. ಕಳೆದುದು ಮೂವತ್ತಾರು ಗುಂಟೆ.

ಕರ್ನಾಟಕದ ಕಂದಾಯ ಇಲಾಖೆಯು ‘ಭೂಮಿ’ ಎಂಬ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. 2002ರ ಹೊತ್ತಿಗೆ ಅಂದಿನ 177 ತಾಲ್ಲೂಕುಗಳಲ್ಲಿಯೂ ಕೈಬರಹದ ಪಹಣಿಗೆ ಬದಲಾಗಿ ಗಣಕದ ಪಹಣಿ ದೊರೆಯತೊಡಗಿತು. ಇಷ್ಟೊಂದು ದಾಖಲೆಗಳನ್ನು ಕಣ್ಣಿನಿಂದ ಓದಿ ತಪ್ಪು ಹುಡುಕುವುದು ಆಗುವ ಮಾತಲ್ಲ. ಅಂಕಿಯನ್ನು ಬರೆಯುವಾಗಲೇ ಎಕರೆಗೆ ಒಂದು ಅಂಕಣ, ಗುಂಟೆಗೆ ಇನ್ನೊಂದು ಅಂಕಣ ಎಂದು ಬೇರೆ ಮಾಡಬೇಕು. ಇಲ್ಲವೇ ಎಲ್ಲವನ್ನೂ ಗುಂಟೆಯಲ್ಲಿಯೇ ಹೇಳಿ, ಇದು ಗುಂಟೆಯ ಲೆಕ್ಕವೆಂದು ಸ್ಪಷ್ಟಪಡಿಸಬೇಕು. ಆಗ 2.20 ಎಂಬುದು 100 ಗುಂಟೆಯಾಗುತ್ತದೆ, ತಪ್ಪಿಗೆ ಎಡೆಯಿರುವುದಿಲ್ಲ.

ದಿನಾಂಕಗಳ ತೊಡಕೂ ಇದೇ ಜಾತಿಯದು. 04/05/2024 ಎಂದರೆ ನಮಗೆ ಮೇ ತಿಂಗಳ ನಾಲ್ಕು. ಅಮೆರಿಕದವರಿಗೆ ಏಪ್ರಿಲ್ ತಿಂಗಳ ಐದು. ಈ ಗೊಂದಲವನ್ನು ನೀಗಲು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1988ರಲ್ಲಿ ಮೊದಲು ವರ್ಷ, ಅನಂತರ ತಿಂಗಳು, ಕೊನೆಗೆ ದಿನ ಎಂಬ ಕ್ರಮವನ್ನು ಮಾನಕವಾಗಿ ಪ್ರಕಟಿಸಿತು. 2024-05-04 ಎಂದು ಬರೆದರೆ ಸಂಶಯವಿಲ್ಲ; ಸಾಲುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿದರೂ ಅವು ಕಾಲಕ್ರಮದಲ್ಲಿಯೇ ಬರುತ್ತವೆ.

ಅಳತೆಗೋಲು ಬೇರೆಯಾದರೆ ಏನಾಗಬಹುದೆಂಬುದಕ್ಕೆ ಆಕಾಶದಲ್ಲಿ ನಡೆದ ಒಂದು ದುರಂತ ಸಾಕ್ಷಿಯಾಗಿದೆ. ಅಮೆರಿಕದ ನಾಸಾ ಸಂಸ್ಥೆ 1998ರ ಡಿಸೆಂಬರಿನಲ್ಲಿ ಮಂಗಳಗ್ರಹದ ಹವಾಮಾನವನ್ನು ಪರಿಶೀಲಿಸಲು ಒಂದು ನೌಕೆಯನ್ನು ಕಳುಹಿಸಿತು. ನೌಕೆಯ ಚಿಕ್ಕ ರಾಕೆಟ್ಟುಗಳು ಕೊಟ್ಟ ನೂಕುಬಲದ ಲೆಕ್ಕವನ್ನು ಭೂಮಿಯ ಮೇಲಿನ ಒಂದು ಕ್ರಮವಿಧಿ ಕಡತದಲ್ಲಿ ಬರೆಯುತ್ತಿತ್ತು. ಪಥವನ್ನು ಗಣಿಸುವ ಇನ್ನೊಂದು ಕ್ರಮವಿಧಿ ಅದನ್ನು ಓದುತ್ತಿತ್ತು. ಒಪ್ಪಂದದಂತೆ ಆ ಲೆಕ್ಕ ಮೆಟ್ರಿಕ್ ಪದ್ಧತಿಯ ನ್ಯೂಟನ್ ಮಾನದಲ್ಲಿ ಇರಬೇಕಾಗಿತ್ತು. ಬರೆಯುವ ಕ್ರಮವಿಧಿ ಪೌಂಡಿನ ಮಾನದಲ್ಲಿ ಬರೆಯಿತು. ಒಂದು ಪೌಂಡಿನ ಬಲ ಸುಮಾರು 4.45 ನ್ಯೂಟನ್‌ಗೆ ಸಮ. ಕಡತದಲ್ಲಿದ್ದುದು ಬರಿಯ ಸಂಖ್ಯೆ. ಸಂಖ್ಯೆ ಸಂಖ್ಯೆಯಂತೆಯೇ ಕಾಣುತ್ತಿತ್ತು. ಒಂಬತ್ತು ತಿಂಗಳ ಪ್ರಯಾಣದ ಬಳಿಕ, 1999ರ ಸೆಪ್ಟೆಂಬರ್ 23ರಂದು, ನೌಕೆ ಗೊತ್ತಾದ ಎತ್ತರಕ್ಕಿಂತ ಬಹಳ ಕೆಳಗೆ ಮಂಗಳನ ವಾಯುಮಂಡಲವನ್ನು ಹೊಕ್ಕು ನಾಶವಾಯಿತು. ಬರೆದವನ ಕೋಲೂ ಓದುವವನ ಕೋಲೂ ಒಂದೇ ಆಗಿರಲಿಲ್ಲ.

ನಾಲ್ಕನೆಯ ನಿಯಮ ಲಿಪಿಗೂ ಭಾಷೆಗೂ ಸೇರಿದ್ದು. ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸತಕ್ಕದ್ದು. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತಗಳನ್ನು ಗೊತ್ತುಮಾಡಿರುವ ಯೂನಿಕೋಡ್ ಎಂಬ ಮಾನಕದಲ್ಲಿ ಕನ್ನಡಕ್ಕೂ ಸ್ಥಾನವಿದೆ. ಆದರೆ ಕೆಲವು ಸ್ವರಚಿಹ್ನೆಗಳನ್ನು ಅದರಲ್ಲಿ ಎರಡು ಬಗೆಯಾಗಿ ಬರೆಯಬಹುದು. ‘ಹೊಸನಗರ’ದ ಮೊದಲ ಅಕ್ಷರದಲ್ಲಿರುವ ಒಕಾರದ ಚಿಹ್ನೆಗೆ ಒಂದೇ ಸಂಕೇತವಿದೆ, ಎಕಾರದ ಚಿಹ್ನೆಯನ್ನೂ ಊಕಾರದ ಚಿಹ್ನೆಯನ್ನೂ ಒಂದರ ಮುಂದೊಂದು ಇಟ್ಟರೂ ಅದೇ ಚಿಹ್ನೆಯಾಗುತ್ತದೆ. ‘ತೀರ್ಥಹಳ್ಳಿ’ಯ ತೀ ಅಕ್ಷರಕ್ಕೂ ‘ಇಕ್ಕೇರಿ’ಯ ಕ್ಕೇ ಅಕ್ಷರಕ್ಕೂ ಇಂತಹ ಎರಡೆರಡು ರೂಪಗಳುಂಟು. ಕಣ್ಣಿಗೆ ಎರಡೂ ಒಂದೇ. ಸಂಕೇತಗಳನ್ನು ಹೋಲಿಸುವ ಸ್ಕ್ರಿಪ್ಟಿಗೆ ಅವು ಎರಡು ಬೇರೆ ಊರುಗಳು. ಆದಕಾರಣ ಬರಹವನ್ನು ಹೊರಗೆ ಕಳುಹಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರುವ ವಿಧಾನವನ್ನು ಯೂನಿಕೋಡಿನಲ್ಲಿಯೇ ನಿಯಮಿಸಿದ್ದಾರೆ. ಕನ್ನಡದ ಅಂಕಿಯಾದ ೦ ಎಂಬ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ಬಗೆಯವು. ಬೆರಳಚ್ಚು ಮಾಡುವವನು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ ಯಂತ್ರಕ್ಕೆ ಅದು ಬೇರೆಯೇ ಮಾತು.

ಭಾಷೆಯ ತೊಡಕು ಇನ್ನೊಂದು ಬಗೆಯದು. ಅನೇಕ ಸಾಧನಗಳು ಬಳಸುವವನ ಭಾಷೆಯಲ್ಲಿ ಉತ್ತರ ಕೊಡಬಲ್ಲವು. ಇಂಗ್ಲಿಷಿನ ಒಂದು ಪದವನ್ನು ಹುಡುಕಿ ತಪ್ಪನ್ನು ಕಂಡುಹಿಡಿಯುವ ಸ್ಕ್ರಿಪ್ಟು ಕನ್ನಡದಲ್ಲಿ ಬಂದ ಉತ್ತರವನ್ನು ಕಂಡು, ತಪ್ಪೇ ಇಲ್ಲವೆಂದು ತೀರ್ಮಾನಿಸುತ್ತದೆ. ಇದಕ್ಕೆ ಪರಿಹಾರ ಕನ್ನಡವನ್ನು ಬಿಡುವುದಲ್ಲ. ಮನುಷ್ಯನಿಗೆ ಹೇಳುವ ಮಾತು ಅವನ ಭಾಷೆಯಲ್ಲಿಯೇ ಇರಲಿ. ಅದು ಅವನ ಹಕ್ಕು. ಯಂತ್ರವು ಓದುವ ಮುಖದಲ್ಲಿ ಮಾತ್ರ ಯಾವ ಭಾಷೆಗೂ ಬದಲಾಗದ ಸಂಕೇತಗಳಿರಲಿ. ಎರಡು ಮುಖಗಳನ್ನು ಬೇರ್ಪಡಿಸಿದಾಗಲೇ ಕನ್ನಡಕ್ಕೂ ನ್ಯಾಯ, ಲೆಕ್ಕಕ್ಕೂ ನ್ಯಾಯ.

ಐದನೆಯ ನಿಯಮ ಸೋಲನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆಗೆ ಸಂಬಂಧಿಸಿದುದು. ಅಡಿಕೆಯ ತೋಟದಲ್ಲಿ ನೀರುಣಿಸುವ ಕಾಲುವೆ ಬೇರೆ, ಹೆಚ್ಚಿನ ನೀರನ್ನು ಹೊರಗೆ ಸಾಗಿಸುವ ಬಸಿಗಾಲುವೆ ಬೇರೆ. ಯೂನಿಕ್ಸಿನಲ್ಲಿಯೂ ಸಾಧನಕ್ಕೆ ಎರಡು ಹೊರದಾರಿಗಳಿವೆ: ಫಲಿತಾಂಶಕ್ಕೆ ಒಂದು, ದೂರು ಮತ್ತು ಎಚ್ಚರಿಕೆಗಳಿಗೆ ಇನ್ನೊಂದು. ದೂರಿನ ಮಾತು ಫಲಿತಾಂಶದಲ್ಲಿ ಬೆರೆತರೆ ಮುಂದಿನ ಸಾಧನ ಅದನ್ನೂ ಲೆಕ್ಕವೆಂದೇ ಓದುತ್ತದೆ. ಇದಲ್ಲದೆ ಸಾಧನವು ಕೆಲಸ ಮುಗಿಸಿದಾಗ ಒಂದು ಸಂಖ್ಯೆಯನ್ನು ಹೇಳಿ ಹೋಗುತ್ತದೆ. ಸೊನ್ನೆಯಾದರೆ ಕೆಲಸ ಸರಿಯಾಗಿ ಆಯಿತೆಂದೂ ಬೇರೆಯಾದರೆ ಏನೋ ತಪ್ಪಿತೆಂದೂ ಅರ್ಥ. ಮಂಡಿಯ ಸಾಧನ ಒಂದು ದಿನ ಏನನ್ನೂ ಬರೆಯಲಿಲ್ಲವೆನ್ನೋಣ. ಅಂದು ಅಡಿಕೆಯೇ ಬರಲಿಲ್ಲವೋ, ಅಥವಾ ಲೆಕ್ಕದ ಕಡತವನ್ನು ತೆರೆಯಲಾಗಲಿಲ್ಲವೋ? ಎರಡು ಮೌನಗಳೂ ಒಂದೇ ಆಗಿ ಕೇಳಿಸಬಾರದು. ತನ್ನ ಸೋಲನ್ನು ಹೇಳದ ಸಾಧನ ಸುಳ್ಳು ಹೇಳುವ ಸಾಧನಕ್ಕಿಂತ ಮೇಲಲ್ಲ.

ಕೊನೆಯ ನಿಯಮ ಕಾಲಕ್ಕೆ ಸೇರಿದ್ದು. ಯಾವ ಸಾಧನವೂ ಮೊದಲಿನಂತೆಯೇ ಉಳಿಯುವುದಿಲ್ಲ. ಹೊಸ ಅಗತ್ಯಗಳು ಬರುತ್ತವೆ. ನಾಳೆ ಮಂಡಿಯವರು ಅಡಿಕೆಯ ಊರನ್ನೂ ಬರೆಯಬೇಕೆಂದರೆ, ಆ ಅಂಕಣವನ್ನು ನಡುವೆ ತುರುಕಿದೊಡನೆ ಹಳೆಯ ಸ್ಕ್ರಿಪ್ಟುಗಳೆಲ್ಲ ಕೆಡುತ್ತವೆ. ಅಂಕಣಗಳನ್ನು ಸ್ಥಾನದಿಂದ ಗುರುತಿಸದೆ ಹೆಸರಿನಿಂದ ಗುರುತಿಸಿದರೆ ಈ ಕಷ್ಟ ಕಡಮೆ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಡಗ್ಲಸ್ ಕ್ರಾಕ್‌ಫರ್ಡ್ ಅವರು ಪ್ರಚಾರಕ್ಕೆ ತಂದ ‘ಜೇಸನ್’ ಎಂಬ ಬರಹದ ಕ್ರಮದಲ್ಲಿ ಪ್ರತಿಯೊಂದು ಬೆಲೆಯೂ ತನ್ನ ಹೆಸರನ್ನು ಹೊತ್ತುಕೊಂಡೇ ಬರುತ್ತದೆ. ಬಗೆ ಎಂಬ ಹೆಸರಿಗೆ ಕೆಂಪು ಗೋಟು, ಚೀಲ ಎಂಬ ಹೆಸರಿಗೆ 7, ಕಿಲೋಗ್ರಾಂ ಎಂಬ ಹೆಸರಿಗೆ 455. ಹೊಸ ಹೆಸರೊಂದು ಸೇರಿದರೂ ಹಳೆಯ ಸ್ಕ್ರಿಪ್ಟು ತನಗೆ ಬೇಕಾದ ಹೆಸರನ್ನಷ್ಟೇ ಹುಡುಕಿ ಓದಿಕೊಳ್ಳುತ್ತದೆ. ಆದರೆ ಒಮ್ಮೆ ಕೊಟ್ಟ ಹೆಸರಿನ ಅರ್ಥವನ್ನು ಮಾತ್ರ ಬದಲಾಯಿಸಬಾರದು. ಕಿಲೋಗ್ರಾಂ ಎಂಬ ಹೆಸರಿನ ಕೆಳಗೆ ನಾಳೆ ಕ್ವಿಂಟಾಲನ್ನು ಇಟ್ಟರೆ ಯಾವ ಕ್ರಮವೂ ನಮ್ಮನ್ನು ಕಾಪಾಡದು.

ಇಲ್ಲಿಯೂ ಇಕ್ಕೇರಿಯೇ ನಮಗೆ ಪಾಠ ಹೇಳುತ್ತದೆ. ರಾಜಧಾನಿಯಾಗಿದ್ದಾಗ ಅಲ್ಲಿ ಟಂಕಿಸಿದ ನಾಣ್ಯಗಳಿಗೆ ಇಕ್ಕೇರಿ ವರಹ, ಇಕ್ಕೇರಿ ಹಣ ಎಂದು ಹೆಸರಿತ್ತು. ಅನಂತರ ರಾಜಧಾನಿ ಬಿದನೂರಿಗೆ ಹೋಯಿತು, ಟಂಕಸಾಲೆಯೂ ಹೋಯಿತು. ನಾಣ್ಯದ ಹೆಸರು ಮಾತ್ರ ಇಕ್ಕೇರಿಯದೇ ಆಗಿ ಉಳಿಯಿತು. ವರಹವನ್ನು ಕೈಯಲ್ಲಿ ಹಿಡಿದ ವ್ಯಾಪಾರಿಗೆ ಟಂಕಸಾಲೆ ಎಲ್ಲಿದೆಯೆಂಬುದು ಬೇಕಿರಲಿಲ್ಲ. ಹೆಸರೂ ಬೆಲೆಯೂ ತಾನು ತಿಳಿದಂತೆ ಇವೆಯೇ ಎಂಬುದು ಬೇಕಾಗಿತ್ತು. ಸಾಧನದ ಒಳಗನ್ನು ಅದನ್ನು ಕಟ್ಟಿದವನು ಎಷ್ಟು ಬಾರಿಯಾದರೂ ಬದಲಾಯಿಸಲಿ. ಹೊರಗಿನವರಿಗೆ ಕೊಟ್ಟ ಮಾತು ಹಾಗೆಯೇ ನಿಲ್ಲಬೇಕು.

ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ಬರೆಯುವವರು ನಿಮ್ಮಲ್ಲಿಯೂ ಮುಂದೆ ಹಲವರಾಗಬಹುದು. ನೀವು ಬರೆದ ಸಾಧನದ ಉತ್ತರವನ್ನು ನೀವು ಕಾಣದ ಊರಿನಲ್ಲಿ, ನೀವು ಮಲಗಿರುವ ಹೊತ್ತಿನಲ್ಲಿ, ಒಂದು ಯಂತ್ರ ಓದುತ್ತಿರುತ್ತದೆ. ಅದರ ಕೊನೆಯಲ್ಲಿ ಯಾರದೋ ಗುಂಟೆಯ ಲೆಕ್ಕವಿರುತ್ತದೆ, ಯಾರದೋ ಚೀಲದ ತೂಕವಿರುತ್ತದೆ. ಆ ಯಂತ್ರ ನಿಮ್ಮನ್ನು ‘ಇದರ ಅರ್ಥವೇನು?’ ಎಂದು ಕೇಳಲಾರದು. ಕೇಳಲಾರದವನಿಗೆ ಬರೆಯುವಾಗ ಬರೆಯುವವನ ಹೊಣೆ ಹೆಚ್ಚು. ಇಕ್ಕೇರಿಗೆ ಹೋದಾಗ ಅಘೋರೇಶ್ವರನ ಮೆಟ್ಟಿಲುಗಳ ಮೇಲೆ ಕ್ಷಣಕಾಲ ನಿಲ್ಲಿರಿ. ಅರಸರು ಹೋದರು, ವರಹಗಳು ಹೋದವು. ಅಳತೆಯನ್ನು ಹೊತ್ತ ಕಲ್ಲು ಇನ್ನೂ ಅಲ್ಲಿಯೇ ಇದೆ.

ಪದಗಳ ಅರ್ಥ

ಕಣಶಿಲೆ – ಗ್ರಾನೈಟ್ ಕಲ್ಲು
ಕರಣಿಕ – ಲೆಕ್ಕಪತ್ರ ಬರೆಯುವವನು
ಕ್ರಮವಿಧಿ – ಗಣಕಯಂತ್ರವು ಮಾಡಬೇಕಾದ ಕೆಲಸದ ಆಜ್ಞೆಗಳ ರಚನೆ
ಆವಕ – ಮಾರಾಟಕ್ಕೆ ಬಂದ ಸರಕು
ಮಾನಕ – ಎಲ್ಲರೂ ಒಪ್ಪಿದ ಅಳತೆ ಅಥವಾ ನಿಯಮ
ಪಹಣಿ – ಜಮೀನಿನ ವಿವರಗಳ ದಾಖಲೆ
ಟಂಕಸಾಲೆ – ನಾಣ್ಯಗಳನ್ನು ಅಚ್ಚುಹಾಕುವ ಸ್ಥಳ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ತೋಟಗಳನ್ನು ಅಳೆಯುವ ಕೋಲಿನ ಉದ್ದವನ್ನು ಯಾವುದಕ್ಕೆ ಸಮನಾಗಿ ಇಟ್ಟಿದ್ದರು?
2. ಸ್ಕ್ರಿಪ್ಟ್ ಎಂದರೇನು?
3. ಕೆಲಸ ಮುಗಿಸಿದ ಸಾಧನ ಸೊನ್ನೆಯನ್ನು ಹೇಳಿದರೆ ಏನೆಂದು ತಿಳಿಯಬೇಕು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಮಂಡಿಯ ಲೆಕ್ಕದಲ್ಲಿ 448 ಕಿಲೋಗ್ರಾಂ ಕಾಣೆಯಾದುದು ಹೇಗೆ?
2. ಸಾಧನಕ್ಕೆ ಎರಡು ಮುಖಗಳು ಏಕೆ ಬೇಕು?
3. ಮಂಗಳಗ್ರಹಕ್ಕೆ ಹೋದ ನೌಕೆ ನಾಶವಾದುದಕ್ಕೆ ಕಾರಣವನ್ನು ತಿಳಿಸಿರಿ.

ಇ) ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ:
1. ‘ಎರಡು ಮೌನಗಳೂ ಒಂದೇ ಆಗಿ ಕೇಳಿಸಬಾರದು.’
2. ‘ಕೊಟ್ಟ ಮಾತೇ ಇಲ್ಲಿಯ ಕಲ್ಲಿನ ಮೆಟ್ಟಿಲು.’

ಈ) ಭಾಷಾಭ್ಯಾಸ:
1. ಅಳತೆಗೋಲು, ಬಸಿಗಾಲುವೆ – ಈ ಪದಗಳನ್ನು ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
2. ನಿಮ್ಮ ಮನೆಯ ಒಂದು ವಾರದ ಖರ್ಚನ್ನು, ನಿಮ್ಮನ್ನು ಏನನ್ನೂ ಕೇಳದೆ ಬೇರೊಬ್ಬರು ಕೂಡಿಸಬಲ್ಲಂತೆ ಅಂಕಣಗಳಲ್ಲಿ ಬರೆಯಿರಿ.